ಓಟ್ಸ್ ಲೋಳೆಯಾಗದ ಹಾಗೆ ಬೇಯಿಸುವುದು ಹೇಗೆ?

"ಓಟ್ಸ್ ನನಗೆ ಸೇರಲ್ಲ" ಅನ್ನುವವರನ್ನು ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ರುಚಿ ಸೇರಲಿಲ್ಲವೋ, ಅದರ ಲೋಳೆ ಸೇರಲಿಲ್ಲವೋ? ಸ್ವಲ್ಪ ಯೋಚಿಸಿ ಬಹುತೇಕರು ಎರಡನೆಯದನ್ನೇ ಹೇಳುತ್ತಾರೆ. ಅಂದರೆ ಅವರಿಗೆ ಬೇಡವಾಗಿರುವುದು ಧಾನ್ಯ ಅಲ್ಲ, ಅದನ್ನು ಬೇಯಿಸಿದ ರೀತಿ.

ನನ್ನ ತಂಗಿ ಓಟ್ಸ್ ಮಾಡುವುದನ್ನು ಒಂದು ಬೆಳಿಗ್ಗೆ ಪಕ್ಕದಲ್ಲೇ ನಿಂತು ನೋಡಿದೆ. ತಣ್ಣನೆಯ ಹಾಲಿಗೆ ಓಟ್ಸ್ ಸುರಿದಳು, ಒಲೆ ಹಚ್ಚಿದಳು, ಚಮಚ ಕೈಗೆತ್ತಿಕೊಂಡವಳು ಕೆಳಗಿಡಲೇ ಇಲ್ಲ. ಗಟ್ಟಿಯಾಗುವ ತನಕ ತಿರುವಿದಳು. ಬಟ್ಟಲಿಗೆ ಹಾಕಿ ತಿನ್ನಲು ಕೂರುವಷ್ಟರಲ್ಲಿ ಅದು ಗೋಂದಿನ ಮುದ್ದೆಯಾಗಿತ್ತು. ಚಮಚ ಎತ್ತಿದರೆ ಬಟ್ಟಲೂ ಜೊತೆಗೇ ಮೇಲೆ ಬಂತು. "ಅಕ್ಕಾ, ಇದನ್ನ ದಿನಾ ಹೇಗೆ ತಿಂತೀಯ?" ಅಂದಳು. ಅದನ್ನು ನಾನೂ ತಿನ್ನಲಾರೆ. ಹಾಗಾಗಿಯೇ ಈ ಲೇಖನ.

1. ಸರಿಯಾದ ಓಟ್ಸ್ ತನ್ನಿ

ಓಟ್ಸ್ ಅಂದರೆ ಎಲ್ಲವೂ ಒಂದೇ ಅಲ್ಲ. ಸಿಪ್ಪೆ ತೆಗೆದ ಕಾಳನ್ನು ಎರಡು ಮೂರು ತುಂಡು ಮಾಡಿದರೆ ಅದು ಸ್ಟೀಲ್ ಕಟ್. ಕಾಳಿಗೆ ಹಬೆ ಹಾಯಿಸಿ ರೋಲರ್ ಕೆಳಗೆ ಒತ್ತಿ ಚಪ್ಪಟೆ ಮಾಡಿದರೆ ರೋಲ್ಡ್. ಅದನ್ನೇ ಇನ್ನೂ ತೆಳುವಾಗಿ, ಸಣ್ಣದಾಗಿ ಮಾಡಿದರೆ ಕ್ವಿಕ್, ಇನ್‌ಸ್ಟಂಟ್. ತೆಳುವಾದಷ್ಟೂ ಬೇಗ ಬೇಯುತ್ತದೆ, ಅಷ್ಟೇ ಬೇಗ ಲೋಳೆಯೂ ಆಗುತ್ತದೆ. ರಕ್ತದ ಸಕ್ಕರೆಯನ್ನೂ ಅದು ಹೆಚ್ಚು ಬೇಗ ಏರಿಸುತ್ತದೆ. ಹೊಸದಾಗಿ ಶುರು ಮಾಡುವವರು ರೋಲ್ಡ್ ಓಟ್ಸನ್ನೇ ತರಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ.

ಬಿಸಿನೀರು ಹಾಕಿ ಕಲಸಿ ತಿನ್ನುವ ಸಿಹಿ ಪೊಟ್ಟಣಗಳನ್ನು ತರಬೇಡಿ. ಕೆಲವು ಪೊಟ್ಟಣಗಳಲ್ಲಿ ಒಂದು ಸಲಕ್ಕೆ 10 ಗ್ರಾಂನಷ್ಟು ಸಕ್ಕರೆ ಇರುತ್ತದೆ. ಅಂದರೆ ಎರಡೂವರೆ ಟೀ ಚಮಚ. ಪೊಟ್ಟಣದ ಮುಂಭಾಗದಲ್ಲಿ ಹಣ್ಣಿನ ಚಿತ್ರ ಎಷ್ಟೇ ದೊಡ್ಡದಾಗಿರಲಿ, ಹಿಂದೆ ತಿರುಗಿಸಿ ಪದಾರ್ಥಗಳ ಪಟ್ಟಿ ಓದಿ. ತೂಕದಲ್ಲಿ ಯಾವುದು ಜಾಸ್ತಿಯೋ ಅದರ ಹೆಸರು ಮೊದಲು ಬರೆದಿರುತ್ತಾರೆ. ಸಕ್ಕರೆ ಎರಡನೆಯದೋ ಮೂರನೆಯದೋ ಆಗಿದ್ದರೆ ಅಲ್ಲೇ ಇಟ್ಟುಬಿಡಿ. 'ಮಲ್ಟಿಗ್ರೇನ್' ಅನ್ನುವ ಪದಕ್ಕೂ ಮರುಳಾಗಬೇಡಿ. ಹಲವು ಧಾನ್ಯ ಇದೆ ಎಂದಷ್ಟೇ ಅದರ ಅರ್ಥ, ಅವು ತವುಡು ತೆಗೆಯದ ಇಡೀ ಧಾನ್ಯ ಎಂದಲ್ಲ.

ತಂದ ಮೇಲೆ ಮೂಸಿ ನೋಡಿ. ಬೇರೆ ಧಾನ್ಯಗಳಿಗಿಂತ ಓಟ್ಸ್‌ನಲ್ಲಿ ಎಣ್ಣೆಯ ಅಂಶ ಹೆಚ್ಚು, ಹಾಗಾಗಿ ಹಳತಾದರೆ ಕಮಟು ವಾಸನೆ ಬರುತ್ತದೆ, ನಾಲಿಗೆಯ ಹಿಂದೆ ಕಹಿ ಉಳಿಯುತ್ತದೆ. ವರ್ಷದ ಹಿಂದೆ ಒಡೆದ ಪೊಟ್ಟಣದಿಂದ ಮಾಡಿ ತಿಂದು "ಓಟ್ಸ್ ಕಹಿ" ಅಂತ ತೀರ್ಮಾನಿಸಿದವರನ್ನು ನಾನು ಕಂಡಿದ್ದೇನೆ. ಗಾಳಿಯಾಡದ ಡಬ್ಬಿಯಲ್ಲಿಡಿ.

2. ಅಳೆಯಿರಿ

ಒಬ್ಬರಿಗೆ 40 ಗ್ರಾಂ, ಅಂದರೆ ಸುಮಾರು ಅರ್ಧ ಕಪ್. ನೀರು ಅದರ ಎರಡರಷ್ಟು, ಅಂದರೆ ಒಂದು ಕಪ್.

3. ಹುರಿಯಿರಿ

ಜನ ಬಿಟ್ಟುಬಿಡುವ ಹಂತ ಇದು. ಒಣ ಬಾಣಲೆ, ಸಣ್ಣ ಉರಿ, 4ರಿಂದ 5 ನಿಮಿಷ. ಮೊದಲೆರಡು ನಿಮಿಷ ಏನೂ ಆಗುವುದಿಲ್ಲ, ಸುಮ್ನೆ ಕೈಯಾಡಿಸುತ್ತಿರಿ. ಆಮೇಲೆ ಹಸಿ ಹಿಟ್ಟಿನ ವಾಸನೆ ಹೋಗಿ, ಬೀಜ ಹುರಿದಂತಹ ಘಮ ಏಳುತ್ತದೆ. ಅಂಚು ತುಸು ಕೆಂಪಗಾದ ಕೂಡಲೇ ತಟ್ಟೆಗೆ ಸುರಿಯಿರಿ. ಬಾಣಲೆಯಲ್ಲೇ ಬಿಟ್ಟರೆ ಅದರ ಕಾವಿಗೇ ಸೀದುಹೋಗುತ್ತದೆ. ಹುರಿದ ಓಟ್ಸ್ ಒಂದಕ್ಕೊಂದು ಅಂಟಿಕೊಳ್ಳುವುದು ಕಡಿಮೆ. ಬೆಳಿಗ್ಗೆ ಪುರುಸೊತ್ತಿಲ್ಲದವರು ರಜಾದಿನ ವಾರಕ್ಕಾಗುವಷ್ಟು ಹುರಿದು, ಆರಿಸಿ, ಡಬ್ಬಿಗೆ ತುಂಬಿಟ್ಟುಕೊಳ್ಳಿ.

4. ಬೇಯಿಸುವುದು

ಇಲ್ಲಿ ನಿಧಾನವಾಗಿ ಓದಿ. ಎಡವಟ್ಟೆಲ್ಲ ಆಗುವುದು ಇಲ್ಲೇ.

ಓಟ್ಸ್‌ನಲ್ಲಿ ಪಿಷ್ಟ ಇದೆ, ಜೊತೆಗೆ ಬೀಟಾ ಗ್ಲೂಕಾನ್ ಅನ್ನುವ ನಾರು ಇದೆ. ಈ ನಾರು ನೀರಲ್ಲಿ ಕರಗಿ ಜೆಲ್ಲಿಯಂತಾಗುತ್ತದೆ. ಓಟ್ಸ್ ಒಳ್ಳೆಯದು ಅನ್ನುವುದೂ ಇದಕ್ಕಾಗಿಯೇ. ದಿನಕ್ಕೆ 3 ಗ್ರಾಂ ಬೀಟಾ ಗ್ಲೂಕಾನ್ ಕೆಟ್ಟ ಕೊಲೆಸ್ಟರಾಲ್ ತಗ್ಗಿಸಲು ನೆರವಾಗುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1997ರಲ್ಲೇ ಓಟ್ಸ್ ಪೊಟ್ಟಣಗಳ ಮೇಲೆ ಹೃದಯದ ಆರೋಗ್ಯದ ಮಾತು ಬರೆಯಲು ಒಪ್ಪಿಗೆ ಕೊಟ್ಟಿದ್ದು ಇದೇ ಲೆಕ್ಕದ ಮೇಲೆ. 40 ಗ್ರಾಂ ಓಟ್ಸ್‌ನಲ್ಲಿ ಅದರ ಅರ್ಧದಷ್ಟು ಸಿಗುತ್ತದೆ. ಅಂದರೆ ಲೋಳೆಯ ಮೂಲ ಕೆಟ್ಟದ್ದಲ್ಲ. ಅದು ಓಟ್ಸ್ ಚಕ್ಕೆಯ ಒಳಗೇ ಉಳಿಯಬೇಕು, ಪಾತ್ರೆ ತುಂಬ ಹರಡಬಾರದು, ಅಷ್ಟೆ.

ತಣ್ಣೀರಿಗೆ ಓಟ್ಸ್ ಹಾಕಿ ಬಿಸಿಗಿಟ್ಟರೆ ನೀರು ಕಾಯುವಷ್ಟು ಹೊತ್ತೂ ಪಿಷ್ಟ ಹೊರಗೆ ಬಿಡುತ್ತಾ ಹೋಗುತ್ತದೆ. ತಿರುವಿದರೆ ಚಕ್ಕೆಯ ಅಂಚು ಒಡೆದು ಇನ್ನಷ್ಟು ಬಿಡುತ್ತದೆ. ಹಾಗಾಗಿ ಮೊದಲು ನೀರು ಕುದಿಯಲಿ. ಪಾತ್ರೆಯ ತಳದಲ್ಲಿ ಸಣ್ಣ ಗುಳ್ಳೆ ಕಂಡರೆ ಸಾಲದು, ಮೇಲೆಲ್ಲ ಕೊತಕೊತ ಅನ್ನಬೇಕು. ಒಂದು ಚಿಟಿಕೆ ಉಪ್ಪು ಹಾಕಿ. ಸಿಹಿ ಓಟ್ಸ್‌ಗೂ ಉಪ್ಪು ಬೇಕೇ ಬೇಕು. ಉಪ್ಪು ಕಹಿಯನ್ನು ಅಡಗಿಸುತ್ತದೆ, ಧಾನ್ಯದ ಸಣ್ಣ ಸಿಹಿ ಆಗ ನಾಲಿಗೆಗೆ ಗೊತ್ತಾಗುತ್ತದೆ. ಸಪ್ಪೆ ಅನ್ನಿಸಿದಾಗಲೆಲ್ಲ ಜನ ಸಕ್ಕರೆ ಸುರಿಯುತ್ತಾರೆ, ಅಲ್ವಾ? ಅಲ್ಲಿ ಕೊರತೆ ಇದ್ದದ್ದು ಉಪ್ಪಿನದು.

ಈಗ ಓಟ್ಸನ್ನು ಉದುರಿಸಿ. ಒಂದೇ ಒಂದು ಸಲ ಕಲಸಿ, ಉರಿ ತಗ್ಗಿಸಿ, ಚಮಚವನ್ನು ದೂರ ಇಡಿ. 4 ನಿಮಿಷ ಅದನ್ನು ಅದರ ಪಾಡಿಗೆ ಬಿಡಿ. ತಳ ಹಿಡಿಯುತ್ತದೆ ಅನ್ನುವ ಭಯವಿದ್ದರೆ ಮಧ್ಯದಲ್ಲಿ ಒಮ್ಮೆ ಚಮಚದ ತುದಿಯಿಂದ ತಳವನ್ನು ಮೆಲ್ಲಗೆ ಎಳೆಯಿರಿ. ತಿರುವಬೇಡಿ.

ಆಮೇಲೆ ಇನ್ನೂ ತೆಳ್ಳಗಿದೆ ಅನ್ನಿಸುವಾಗಲೇ ಒಲೆ ಆರಿಸಿ. ಇದನ್ನು ಒಪ್ಪಿಕೊಳ್ಳುವುದು ಎಲ್ಲರಿಗೂ ಕಷ್ಟ. ಚಕ್ಕೆಗಳ ನಡುವೆ ನೀರು ಕಾಣುತ್ತಿರುತ್ತದೆ, ಚಮಚ ಎಳೆದರೆ ಮೂಡಿದ ಗೆರೆ ತಕ್ಷಣ ಮುಚ್ಚಿಹೋಗುತ್ತದೆ. "ಇದಿನ್ನೂ ಆಗಿಲ್ಲ" ಅಂತ ಮನಸ್ಸು ಹೇಳುತ್ತದೆ. ಆಗಿದೆ. ಮುಚ್ಚಳ ಮುಚ್ಚಿ 3 ನಿಮಿಷ ಬಿಡಿ, ಉಳಿದ ನೀರನ್ನು ಚಕ್ಕೆಗಳೇ ಹೀರಿಕೊಳ್ಳುತ್ತವೆ. ಓಟ್ಸ್ ಒಲೆಯಿಂದ ಇಳಿಸಿದ ಮೇಲೂ ಗಟ್ಟಿಯಾಗುತ್ತಲೇ ಇರುತ್ತದೆ. ಒಲೆಯ ಮೇಲೆ ಹದ ಸರಿಯಾಗಿ ಕಂಡರೆ ಬಟ್ಟಲಲ್ಲಿ ಅದು ಹದ ಮೀರಿರುತ್ತದೆ. ತಂಗಿ ಎಡವಿದ್ದು ಇಲ್ಲೇ.

ಮುಚ್ಚಳ ತೆಗೆದಾಗ ಚಕ್ಕೆ ಚಕ್ಕೆ ಬೇರೆಯಾಗಿ ಕಾಣಬೇಕು, ಹಲ್ಲಿಗೆ ಸಿಗಬೇಕು. ಹಾಲು ಬೇಕಾದರೆ ಈಗ ಹಾಕಿ, ಬೆಚ್ಚಗೆ, ಎರಡು ಮೂರು ಚಮಚ. ಶುರುವಿನಿಂದಲೇ ಬರೀ ಹಾಲಲ್ಲಿ ಬೇಯಿಸಿದರೆ ತಳ ಹಿಡಿಯುತ್ತದೆ, ತಳ ಬಿಡಿಸಲು ಮತ್ತೆ ತಿರುವಬೇಕಾಗುತ್ತದೆ, ಮತ್ತೆ ಗೋಂದು.

ಮೈಕ್ರೋವೇವ್‌ನಲ್ಲಿ ಮಾಡಬಹುದು, ಆದರೆ ಅಗಲ ಬಟ್ಟಲು ಬೇಕು. ಪುಟ್ಟ ಬಟ್ಟಲಲ್ಲಿಟ್ಟರೆ ಉಕ್ಕಿ ಚೆಲ್ಲುತ್ತದೆ, ಒರೆಸುವ ಹೊತ್ತಿಗೆ ಒಲೆಯ ಮೇಲೆ ಮಾಡಿಯೇ ಮುಗಿಸಬಹುದಿತ್ತು. ಒಲೆಯೇ ಬೇಡ ಅನ್ನುವವರು ಹುರಿದ ಓಟ್ಸನ್ನು ಮೊಸರಲ್ಲಿ ಕಲಸಿ ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ರೋಲ್ಡ್ ಓಟ್ಸ್ ಕಾರ್ಖಾನೆಯಲ್ಲೇ ಹಬೆ ಕಂಡಿರುತ್ತದೆ, ನೆನೆಸಿ ಹಾಗೇ ತಿನ್ನಬಹುದು. ಇದೇನೂ ಹೊಸ ಫ್ಯಾಷನ್ ಅಲ್ಲ. ಸ್ವಿಟ್ಜರ್ಲೆಂಡಿನ ವೈದ್ಯ ಮ್ಯಾಕ್ಸಿಮಿಲಿಯನ್ ಬಿರ್ಚರ್ ಬೆನ್ನರ್ 1900ರ ಆಸುಪಾಸಿನಲ್ಲೇ ನೆನೆಸಿದ ಓಟ್ಸ್‌ಗೆ ತುರಿದ ಸೇಬು ಬೆರೆಸಿ ರೋಗಿಗಳಿಗೆ ಕೊಡುತ್ತಿದ್ದರು. ಮ್ಯೂಸ್ಲಿ ಅನ್ನುವ ತಿಂಡಿ ಹುಟ್ಟಿದ್ದು ಹಾಗೆ.

5. ಮೇಲೆ ಏನು ಹಾಕಬೇಕು

ಮೆತ್ತಗಿರುವುದರ ಮೇಲೆ ಗರಿಗರಿಯಾದದ್ದು ಬೀಳಬೇಕು. ಹುರಿದ ಬಾದಾಮಿ, ಶೇಂಗಾ, ಕುಂಬಳ ಬೀಜ, ಯಾವುದಾದರೂ ಸರಿ. ಜೊತೆಗೆ ತುಸು ಹುಳಿಯಿರುವ ಹಣ್ಣು. ಬಾಳೆಹಣ್ಣನ್ನು ಕಿವುಚಿ ಸೇರಿಸುವುದು ನನಗೆ ಸ್ವಲ್ಪವೂ ಇಷ್ಟವಿಲ್ಲ, ಅಷ್ಟು ಕಷ್ಟಪಟ್ಟು ತಪ್ಪಿಸಿದ ಲೋಳೆಯನ್ನು ಅದು ವಾಪಸ್ ತರುತ್ತದೆ. ಬೇಕಾದರೆ ಹೆಚ್ಚಿ ಮೇಲಿಡಿ. ಸಿಹಿ ಬೇಕೆನಿಸಿದರೆ ಕೊನೆಯಲ್ಲಿ ಮೇಲ್ಗಡೆ ಅರ್ಧ ಚಮಚ ಹಾಕಿ. ನಾಲಿಗೆಗೆ ಮೊದಲು ತಾಗುವುದು ಅದೇ, ಹಾಗಾಗಿ ಕಡಿಮೆಯಲ್ಲೇ ಸಾಕಾಗುತ್ತದೆ. ಸಿಹಿ ಬೇಡದವರು ಉಪ್ಪು, ಕಾಳುಮೆಣಸು, ಮೇಲೊಂದು ಮೊಟ್ಟೆ ಹಾಕಿಕೊಳ್ಳಿ. ತುಂಬಾ ಚೆನ್ನಾಗಿರುತ್ತದೆ.

6. ಅವಸರ ಬೇಡ

ನಾರು ತಿಂದು ಅಭ್ಯಾಸವಿಲ್ಲದ ಹೊಟ್ಟೆಗೆ ಮೊದಲ ದಿನವೇ ದೊಡ್ಡ ಬಟ್ಟಲು ಕೊಟ್ಟರೆ ಉಬ್ಬರಿಸುತ್ತದೆ. ಮೊದಲ ವಾರ ಅರ್ಧ ಅಳತೆ, ದಿನ ಬಿಟ್ಟು ದಿನ, ನೀರು ಜಾಸ್ತಿ. ನಾಲಿಗೆಗೂ ಸಮಯ ಬೇಕು. ಒಂದು ಸಲ ತಿಂದು ಬೇಡ ಅನ್ನಬೇಡಿ, ಹತ್ತು ಸಲವಾದರೂ ತಿಂದು ನೋಡಿ. ಸಿಲಿಯಾಕ್ ಕಾಯಿಲೆ (ಗೋಧಿಯಲ್ಲಿರುವ ಗ್ಲುಟೆನ್ ಅನ್ನುವ ಪ್ರೊಟೀನ್ ದೇಹಕ್ಕೆ ಒಗ್ಗದಿರುವುದು) ಇರುವವರಿಗೆ ಮಾತ್ರ ಎಚ್ಚರಿಕೆ ಬೇಕು: ಓಟ್ಸ್ ಗೋಧಿಯ ಜೊತೆ ಬೆರೆತು ಬಂದಿರುವುದು ಸಾಮಾನ್ಯ, ಗ್ಲುಟೆನ್ ಇಲ್ಲ ಎಂದು ಬರೆದಿರುವುದನ್ನೇ ಕೊಳ್ಳಬೇಕು, ಅದನ್ನೂ ವೈದ್ಯರನ್ನು ಕೇಳಿಯೇ ಶುರು ಮಾಡಬೇಕು.

7. ಆಮೇಲೂ ಹಿಡಿಸದಿದ್ದರೆ

ಬಿಟ್ಟುಬಿಡಿ. ಮೂಗು ಹಿಡಿದು ನುಂಗುವ ತಿಂಡಿ ಒಂದು ತಿಂಗಳೂ ನಡೆಯುವುದಿಲ್ಲ. ಓಟ್ಸ್‌ನಿಂದ ಬೇಕಾಗಿದ್ದದ್ದು ನಾರು, ಒಂದಿಷ್ಟು ಪ್ರೊಟೀನ್, ಮಧ್ಯಾಹ್ನದ ತನಕ ಹಸಿವಾಗದಿರುವುದು. ಅದು ಬೇರೆ ಕಡೆಯೂ ಸಿಗುತ್ತದೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೊಟೀನ್ ಇದೆ, ಆದರೆ ನಾರು ಇಲ್ಲ. ಹಾಗಾಗಿ ಜೊತೆಗೆ ಸಿಪ್ಪೆ ಸಮೇತ ಸೇಬನ್ನೋ, ಬೇಯಿಸಿದ ಕಾಳನ್ನೋ ಇಟ್ಟುಕೊಳ್ಳಿ. ಸಕ್ಕರೆ ಹಾಕದ ಗಟ್ಟಿ ಮೊಸರು, ಹಣ್ಣು, ಒಂದು ಹಿಡಿ ಬೀಜವೂ ಆಗುತ್ತದೆ. ಓಟ್ಸ್ ಬದಲಿಗೆ ಕೀನ್ವಾ ಅನ್ನುವ ಸಣ್ಣ ಕಾಳು ತರುವವರು ಅದನ್ನು ಚೆನ್ನಾಗಿ ತೊಳೆಯಿರಿ. ಅದರ ಮೇಲ್ಮೈಯಲ್ಲಿ ಸಾಪೊನಿನ್ ಅನ್ನುವ ಕಹಿ ಅಂಶ ಇರುತ್ತದೆ. ತಿಕ್ಕಿ ತೊಳೆದಾಗ ಸೋಪಿನಂತೆ ನೊರೆ ಬರುತ್ತದೆ, ನೊರೆ ನಿಲ್ಲುವ ತನಕ ತೊಳೆಯಬೇಕು.

ನನ್ನ ತಂಗಿ ಹತ್ತು ಸಲ ತಿಂದಳು, ಹುರಿದೂ ತಿಂದಳು, ನೆನೆಸಿಯೂ ತಿಂದಳು. ಓಟ್ಸ್ ಒಪ್ಪಲಿಲ್ಲ. ಒಪ್ಪಿದ್ದು ಬಾರ್ಲಿಯನ್ನು. ಅದರಲ್ಲೂ ಬೀಟಾ ಗ್ಲೂಕಾನ್ ಇದೆ. ರಾತ್ರಿ ನೆನೆಸಿ, ಬೆಳಿಗ್ಗೆ ಧಾರಾಳ ನೀರಲ್ಲಿ ಮೆತ್ತಗಾಗುವ ತನಕ ಬೇಯಿಸಿ, ನೀರು ಬಸಿದು, ಒಮ್ಮೆ ತಣ್ಣೀರಲ್ಲಿ ಜಾಲಿಸುತ್ತಾಳೆ. ಮೇಲಿನ ಅಂಟೆಲ್ಲ ಹೋಗಿ ಕಾಳು ಮುತ್ತಿನಂತೆ ಬಿಡಿಬಿಡಿಯಾಗುತ್ತದೆ. ಒಮ್ಮೆ ಬೇಯಿಸಿದರೆ ಫ್ರಿಜ್‌ನಲ್ಲಿ ಮೂರು ದಿನ ಇರುತ್ತದೆ. ಬೆಳಿಗ್ಗೆ ಒಂದು ಬಟ್ಟಲು ತೆಗೆದು, ಮೊಸರು, ದಾಳಿಂಬೆ ಕಾಳು, ಚಿಟಿಕೆ ಉಪ್ಪು ಹಾಕಿ, ನಿಂತುಕೊಂಡೇ ತಿಂದು ಮುಗಿಸುತ್ತಾಳೆ.