‘ನನಗೆ ಕಷ್ಟ’ ಅಂದರೆ ‘ಐ ಆ್ಯಮ್ ಡಿಫಿಕಲ್ಟ್’ ಅಲ್ಲ

ತೀರ್ಥಹಳ್ಳಿ ಕಡೆಯ ಹೋಂಸ್ಟೇಗೆ ಬಂದ ಹೊರರಾಜ್ಯದ ಅತಿಥಿ ತೋಟದಲ್ಲಿ ನಿಂತು, ‘ನೀವೂ ಈ ಮರ ಹತ್ತುತ್ತೀರಾ’ ಅಂತ ಇಂಗ್ಲಿಷಿನಲ್ಲಿ ಕೇಳುತ್ತಾರೆ ಅನ್ನಿ. ‘ಇಲ್ಲಪ್ಪ, ನನಗೆ ಹತ್ತೋದು ಕಷ್ಟ’ ಅನ್ನೋದು ನಿಮ್ಮ ಮನಸ್ಸಿನಲ್ಲಿದೆ. ಬಾಯಿಂದ ಬರೋದು ‘ಐ ಆ್ಯಮ್ ಡಿಫಿಕಲ್ಟ್ ಟು ಕ್ಲೈಂಬ್’. ಕೇಳಿದವರ ಕಿವಿಗೆ ಅದು ‘ನನ್ನ ಮೇಲೆ ಹತ್ತೋದು ಕಷ್ಟ’ ಅಂತ ಬೀಳುತ್ತದೆ. ಅಡಿಕೆ ಮರ ನೀವೇ ಆಗಿಬಿಟ್ಟಿರಿ.

ಈ ತಪ್ಪಿನ ಬೇರು ನಮ್ಮ ‘ನನಗೆ’ಯಲ್ಲಿದೆ. ನನಗೆ ಖುಷಿ, ನನಗೆ ಭಯ, ನನಗೆ ಕಷ್ಟ, ನನಗೆ ಸುಲಭ: ಕನ್ನಡದಲ್ಲಿ ನಾಲ್ಕಕ್ಕೂ ಒಂದೇ ಚತುರ್ಥಿ ವಿಭಕ್ತಿ ಸಾಕು. ಇಂಗ್ಲಿಷ್ ಇಲ್ಲಿ ಎರಡು ಪಾಲು ಮಾಡುತ್ತದೆ. ಖುಷಿ, ಭಯ ಮನುಷ್ಯನೊಳಗೆ ಇರುವಂಥವು. ಹಾಗಾಗಿ ‘ಐ ಆ್ಯಮ್ ಹ್ಯಾಪಿ’, ‘ಐ ಆ್ಯಮ್ ಅಫ್ರೇಡ್’ ಸರಿ. ಕಷ್ಟ, ಸುಲಭ ಇರೋದು ಕೆಲಸದಲ್ಲಿ. ಅದನ್ನು ಮನುಷ್ಯನ ಮೇಲೆ ಹೊರಿಸುವ ಹಾಗಿಲ್ಲ. ಗುಣವಾಚಕದ ಮುಂದೆ ಕ್ರಿಯಾಪದ ಜೋಡಿಸುವ ಮೊದಲು ಇದೊಂದನ್ನು ಕೇಳಿಕೊಳ್ಳಿ: ಈ ಗುಣ ಆಳಿನದ್ದೋ, ಕೆಲಸದ್ದೋ?

ಅನುಮಾನ ಬಂದರೆ ಕ್ರಿಯಾಪದ ಕಿತ್ತುಹಾಕಿ ನೋಡಿ. ‘ಐ ಆ್ಯಮ್ ಹ್ಯಾಪಿ’ ಅಷ್ಟೇ ಉಳಿದರೂ ನೀವು ಹೇಳಬೇಕಾದ್ದು ಕೆಡುವುದಿಲ್ಲ. ‘ಐ ಆ್ಯಮ್ ಡಿಫಿಕಲ್ಟ್’ ಅಂತ ಉಳಿದರೆ ‘ನಾನು ತಕರಾರಿನ ಆಸಾಮಿ’ ಅಂತಾಗುತ್ತದೆ. ಅಲ್ಲಿಗೆ ದಾರಿ ತಪ್ಪಿತು ಅಂತ ಗೊತ್ತಾಗುತ್ತದೆ.

ಆಳಿನ ಗುಣದ ಪದಗಳು ಸಲೀಸು. ಹ್ಯಾಪಿ, ಗ್ಲ್ಯಾಡ್, ಸಾರಿ, ರೆಡಿ, ವಿಲ್ಲಿಂಗ್, ಈಗರ್, ಏಬಲ್, ಫ್ರೀ ಇವುಗಳ ಮುಂದೆ ‘ಟು’, ಅದರ ಮುಂದೆ ಕ್ರಿಯಾಪದದ ಮೂಲ ರೂಪ. ‘ಐ ಆ್ಯಮ್ ಹ್ಯಾಪಿ ಟು ಹೆಲ್ಪ್’, ‘ವಿ ಆರ್ ರೆಡಿ ಟು ಲೀವ್’. ‘ಟು ಹೆಲ್ಪಿಂಗ್’, ‘ಟು ಹೆಲ್ಪ್ಡ್’ ಇಲ್ಲ. ಖುಷಿಪಟ್ಟವರು ಒಬ್ಬರು, ಕೆಲಸ ಮಾಡಿದವರು ಇನ್ನೊಬ್ಬರು ಆದಾಗ ಮಾತ್ರ ಎಚ್ಚರ ಬೇಕು. ‘ನೀವು ಬಂದಿದ್ದು ಖುಷಿ’ ಅನ್ನೋದಕ್ಕೆ ‘ಐ ಆ್ಯಮ್ ಹ್ಯಾಪಿ ಯು ಟು ಕಮ್’ ಆಗದು, ‘ಐ ಆ್ಯಮ್ ಹ್ಯಾಪಿ ದಟ್ ಯು ಕೇಮ್’ ಅನ್ನಬೇಕು.

ಕಷ್ಟ ಇರೋದು ಕೆಲಸದ ಗುಣದ ಪದಗಳಲ್ಲೇ. ಡಿಫಿಕಲ್ಟ್, ಈಸಿ, ಹಾರ್ಡ್, ಡೇಂಜರಸ್, ನೆಸೆಸರಿ, ಪಾಸಿಬಲ್, ಇಂಪಾಸಿಬಲ್, ಕನ್ವೀನಿಯೆಂಟ್ ಇವೆಲ್ಲ ಈ ಗುಂಪಿನವು. ‘ಮಳೇಲಿ ಘಾಟಿ ಇಳಿಯೋದು ಅಪಾಯ’ ಅನ್ನುವಾಗ ಕನ್ನಡದಲ್ಲಿ ‘ಇಟ್’ಗೆ ಸಮನಾದ ಪದವಿಲ್ಲ, ‘ಈಸ್’ಗೆ ಸಮನಾದದ್ದೂ ಇಲ್ಲ. ಅದಕ್ಕೇ ನಮ್ಮ ಇಂಗ್ಲಿಷಿನಲ್ಲಿ ಎರಡೂ ಬಿದ್ದುಹೋಗಿ ‘ಡೇಂಜರಸ್ ಟು ಡ್ರೈವ್ ಇನ್ ರೈನ್’ ಅಂತ ಬರುತ್ತದೆ. ಇಂಗ್ಲಿಷ್ ವಾಕ್ಯದ ಮೊದಲ ಸೀಟು ಖಾಲಿ ಇರುವಂತಿಲ್ಲ. ಶಿವಮೊಗ್ಗ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ‘ಇಟ್’ ಆ ಟವೆಲ್ ಇದ್ದ ಹಾಗೆ. ಅದಕ್ಕೆ ಸ್ವಂತ ಅರ್ಥ ಇಲ್ಲ. ನಿಜವಾದ ಕರ್ತೃ, ಅಂದರೆ ‘ಟು ಡ್ರೈವ್’, ಹಿಂದಿನಿಂದ ನಿಧಾನಕ್ಕೆ ಬರುತ್ತದೆ: ‘ಇಟ್ ಈಸ್ ಡೇಂಜರಸ್ ಟು ಡ್ರೈವ್ ಡೌನ್ ದಿ ಘಾಟ್ ಇನ್ ದಿ ರೈನ್’.

ಕನ್ನಡ ವಾಕ್ಯದಿಂದ ಇದನ್ನು ಕಟ್ಟೋದಕ್ಕೆ ಒಂದು ಲೆಕ್ಕ ಇದೆ. ‘ಅಮ್ಮನಿಗೆ ಗುಡ್ಡ ಹತ್ತೋದು ಕಷ್ಟ ಆಯ್ತು’ ಅನ್ನೋದನ್ನು ನಾಲ್ಕು ತುಂಡು ಮಾಡಿ: 1 ಅಮ್ಮನಿಗೆ, 2 ಗುಡ್ಡ, 3 ಹತ್ತೋದು, 4 ಕಷ್ಟ ಆಯ್ತು. ಈಗ ಅವನ್ನು 4, 1, 3, 2ರ ಸಾಲಿನಲ್ಲಿ ಇಡಿ. ‘ಇಟ್ ವಾಸ್ ಡಿಫಿಕಲ್ಟ್’, ‘ಫಾರ್ ಮೈ ಮದರ್’, ‘ಟು ಕ್ಲೈಂಬ್’, ‘ದಿ ಹಿಲ್’. ‘ಗೆ’ ಇದ್ದಲ್ಲಿ ‘ಫಾರ್’, ‘ಹತ್ತೋದು’ ಕೊನೆಯ ‘ಓದು’ ಇದ್ದಲ್ಲಿ ‘ಟು’. ಆಯ್ತು, ಆಗುತ್ತೆ, ಆಗಬಹುದು ಅನ್ನುವ ಕಾಲಭೇದವೆಲ್ಲ ‘ಇಟ್’ ಪಕ್ಕದ ಪದಕ್ಕೆ ಮಾತ್ರ: ವಾಸ್, ವಿಲ್ ಬಿ, ಮೇ ಬಿ. ‘ಟು’ ಆದಮೇಲಿನ ಕ್ರಿಯಾಪದ ಅಲುಗಾಡೋದಿಲ್ಲ. ‘ಟು ಕ್ಲೈಂಬ್ಡ್’ ಅಂತ ಬರೆಯೋರು ಕಾಲವನ್ನು ಎರಡು ಕಡೆ ಹಾಕಿರುತ್ತಾರೆ.

ಫೋನಿನಲ್ಲಿ ದಿನಾ ಕೇಳುವ ತಪ್ಪುಗಳು ಎರಡು. ‘ನಾಳೆ ಬರೋಕಾಗಲ್ಲ’ ಅನ್ನೋದಕ್ಕೆ ‘ಐ ಆ್ಯಮ್ ನಾಟ್ ಪಾಸಿಬಲ್ ಟು ಕಮ್’ ಅನ್ನುತ್ತಾರೆ. ‘ಪಾಸಿಬಲ್’ ಕೆಲಸದ್ದು, ಆಳಿನದ್ದು ಬೇಕಾದರೆ ‘ಏಬಲ್’. ಸುಮ್ಮನೆ ‘ಐ ಕಾಂಟ್ ಕಮ್’ ಅಂದುಬಿಟ್ಟರೆ ಇನ್ನೂ ಚೆಂದ. ಎರಡನೆಯದು ‘ಆರ್ ಯು ಕನ್ವೀನಿಯೆಂಟ್ ಟು ಕಮ್’. ಅನುಕೂಲ ಇರೋದು ಬರುವ ಕೆಲಸಕ್ಕೆ, ಆದ್ದರಿಂದ ‘ಈಸ್ ಇಟ್ ಕನ್ವೀನಿಯೆಂಟ್ ಫಾರ್ ಯು ಟು ಕಮ್’. ‘ಲೈಕ್ಲಿ’ ಮಾತ್ರ ಈ ಸಾಲಿಗೆ ಸೇರದ ಪದ. ‘ಹೀ ಈಸ್ ಲೈಕ್ಲಿ ಟು ಕಮ್’ ಸರಿಯಾಗಿಯೇ ಇದೆ.

ಕೆಲಸದ ಗುಣದ ಹಲವು ಪದಗಳಲ್ಲಿ ಟವೆಲ್ ತೆಗೆದು, ಕೆಲಸ ಯಾವುದರ ಮೇಲೆ ನಡೆಯುತ್ತದೋ ಆ ವಸ್ತುವನ್ನೇ ಸೀಟಿನಲ್ಲಿ ಕೂರಿಸಬಹುದು: ‘ಕೊಡಚಾದ್ರಿ ಈಸ್ ಡಿಫಿಕಲ್ಟ್ ಟು ಕ್ಲೈಂಬ್’. ಆಗ ಕೊನೆಯಲ್ಲಿ ಮತ್ತೆ ‘ಇಟ್’ ಸೇರಿಸಬಾರದು. ‘ದಿಸ್ ಹಲಸು ಈಸ್ ಹಾರ್ಡ್ ಟು ಕಟ್ ಇಟ್’ ಅಂದರೆ ಒಂದೇ ಹಲಸು ಎರಡು ಸಲ ಬಂತು. ಕೊನೆಯ ‘ಆನ್’, ‘ವಿತ್’ ಥರದ ಪ್ರಿಪೊಸಿಷನ್ ಮಾತ್ರ ಬಿಡಬಾರದು: ‘ದಿಸ್ ಬೆಂಚ್ ಈಸ್ ಹಾರ್ಡ್ ಟು ಸಿಟ್ ಆನ್’, ‘ದಿಸ್ ಕತ್ತಿ ಈಸ್ ಈಸಿ ಟು ಕಟ್ ವಿತ್’. ಇನ್ನೊಂದು ವಿಚಿತ್ರ: ‘ದಿಸ್ ವರ್ಕ್ ಈಸ್ ಇಂಪಾಸಿಬಲ್ ಟು ಫಿನಿಶ್’ ಸರಿ, ಆದರೆ ಅದೇ ಜಾಗದಲ್ಲಿ ‘ಪಾಸಿಬಲ್’ ಹಾಕಿದರೆ ಇಂಗ್ಲಿಷರ ಕಿವಿಗೆ ಕಲ್ಲು ಸಿಕ್ಕ ಅನ್ನದ ಹಾಗೆ. ಅಲ್ಲಿ ‘ಇಟ್ ಈಸ್ ಪಾಸಿಬಲ್ ಟು ಫಿನಿಶ್ ದಿಸ್ ವರ್ಕ್’ ಅಂತಲೇ ಹೇಳಬೇಕು.

ಈ ರಚನೆ ನಮಗೆ ಮಾತ್ರ ತೊಡಕು ಅಂದುಕೊಳ್ಳಬೇಡಿ. ಭಾಷಾವಿಜ್ಞಾನಿ ಕ್ಯಾರೊಲ್ ಚಾಮ್ಸ್ಕಿ 1969ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷ್ ಮನೆಮಾತಿನ 5ರಿಂದ 10 ವರ್ಷದ ಮಕ್ಕಳಿಗೆ ಕಣ್ಣುಕಟ್ಟಿದ ಬೊಂಬೆ ತೋರಿಸಿ, ಅದು ‘ಈಸಿ ಟು ಸೀ’ಯೋ ‘ಹಾರ್ಡ್ ಟು ಸೀ’ಯೋ ಅಂತ ಕೇಳಿದ್ದರು. ಬೊಂಬೆ ಎದುರಿಗೇ ಇತ್ತು. ಆದರೂ ಚಿಕ್ಕ ಮಕ್ಕಳಲ್ಲಿ ಹಲವರು ‘ಹಾರ್ಡ್’ ಅಂದರು. ಬೊಂಬೆಗೆ ನೋಡೋದು ಕಷ್ಟ ಅಂತ ಅವರು ತಿಳಿದಿದ್ದರು. ‘ನನಗೆ ಕಷ್ಟ’ದ ತಪ್ಪಿಗೆ ಅಣ್ಣನೋ ತಮ್ಮನೋ ಇದು.

‘ರೆಡಿ’ ಅಂತೂ ಎರಡೂ ಕಡೆ ಕಾಲಿಟ್ಟ ಪದ. ‘ಅಪ್ಪಯ್ಯ ಈಸ್ ರೆಡಿ ಟು ಈಟ್’ ಅಂದರೆ ಅಪ್ಪಯ್ಯ ಉಣ್ಣೋದಕ್ಕೆ ಕೂತಿದ್ದಾರೆ. ‘ಕಡುಬು ಈಸ್ ರೆಡಿ ಟು ಈಟ್’ ಅಂದರೆ ಕಡುಬು ಬೆಂದು ಇಳಿದಿದೆ. ವಾಕ್ಯದ ಆಕಾರ ಒಂದೇ, ತಿನ್ನೋರು ಯಾರು ಅನ್ನೋದು ಲೋಕಜ್ಞಾನದಿಂದ ತಿಳಿಯಬೇಕು.

ಇನ್ನು ಒಳ್ಳೆತನ, ಪೆದ್ದತನದ ಪದಗಳು: ಕೈಂಡ್, ನೈಸ್, ಫೂಲಿಶ್, ಕೇರ್‌ಲೆಸ್, ರೂಡ್. ಇಲ್ಲಿ ‘ಫಾರ್’ ಬದಲು ‘ಆಫ್’. ‘ಇಂಥ ಮಳೇಲೂ ಬಂದ್ರಲ್ಲ, ದೊಡ್ಡ ಮನಸ್ಸು ನಿಮ್ಮದು’ ಅಂತ ಅತಿಥಿಗೆ ಹೇಳಬೇಕಾದರೆ ‘ಇಟ್ ವಾಸ್ ಕೈಂಡ್ ಆಫ್ ಯು ಟು ಕಮ್’. ‘ಯು ಆರ್ ಕೈಂಡ್’ ಅಂತ ಬಿಡಿಯಾಗಿ ಹೇಳಲು ಬರುತ್ತದೆ, ಅಂದರೆ ಗುಣ ಅವರದ್ದೇ. ಅಂಥಲ್ಲಿ ‘ಆಫ್’.

‘ತುಂಬಾ’ ಅನ್ನೋದನ್ನು ಎಲ್ಲ ಕಡೆ ‘ವೆರಿ’ ಮಾಡಿದರೂ ಕೆಡುತ್ತದೆ. ಅಂಗಳದ ಅಡಿಕೆ ಇನ್ನೂ ಹಸಿ, ಮಂಡಿಗೆ ಹಾಕುವ ಹಾಗಿಲ್ಲ ಅನ್ನಿ. ‘ವೆರಿ ವೆಟ್ ಟು ಸೆಲ್’ ತಪ್ಪು, ‘ಟೂ ವೆಟ್ ಟು ಸೆಲ್’ ಸರಿ. ‘ಹಾಗಿಲ್ಲ’ ಅನ್ನೋದು ಆ ‘ಟೂ’ ಒಳಗೇ ಅಡಗಿದೆ, ಬೇರೆ ‘ನಾಟ್’ ಬೇಡ. ನಾಲ್ಕು ಬಿಸಿಲು ಕಂಡು ಒಣಗಿದಮೇಲೆ ‘ಡ್ರೈ ಎನಫ್ ಟು ಸೆಲ್’. ‘ಎನಫ್’ ಗುಣವಾಚಕದ ಬೆನ್ನಿಗೆ ಬರಬೇಕು, ‘ಎನಫ್ ಡ್ರೈ’ ಅಲ್ಲ.

ಎಲ್ಲ ಗುಣವಾಚಕಕ್ಕೂ ‘ಟು’ ಹೊಂದುವುದಿಲ್ಲ. ಕೆಲವಕ್ಕೆ ಪ್ರಿಪೊಸಿಷನ್ ಮತ್ತು ‘ಇಂಗ್’ ರೂಪ ಬೇಕು: ಗುಡ್ ಅಟ್ ಕುಕಿಂಗ್, ಟೈರ್ಡ್ ಆಫ್ ವೇಟಿಂಗ್, ಕೇಪಬಲ್ ಆಫ್ ಡೂಯಿಂಗ್. ಕೆಲಸದ ಅರ್ಜಿಯಲ್ಲಿ ‘ಇಂಟ್ರೆಸ್ಟೆಡ್ ಇನ್ ಜಾಯಿನಿಂಗ್’ ಅಂತ ಬರೆಯಿರಿ. ಜೋಡಿಗಳನ್ನು ಒಟ್ಟಿಗೇ ಬಾಯಿಪಾಠ ಮಾಡೋದು ಬಿಟ್ಟು ಬೇರೆ ಉಪಾಯ ಇಲ್ಲ. ಬಿಝಿ ಮತ್ತು ವರ್ತ್ ಎರಡಕ್ಕೆ ಪ್ರಿಪೊಸಿಷನ್ನೂ ಬೇಡ: ‘ದೇ ಆರ್ ಬಿಝಿ ಹಾರ್ವೆಸ್ಟಿಂಗ್’, ‘ಜೋಗ್ ಈಸ್ ವರ್ತ್ ಸೀಯಿಂಗ್ ಇನ್ ಆಗಸ್ಟ್’.

‘ಟು’, ‘ಇಂಗ್’ ಎರಡೂ ಬರುವ ಪದದಲ್ಲಿ ಅರ್ಥ ಬದಲಾಗುತ್ತದೆ. ಮಳೆಗಾಲದ ಹಳ್ಳದ ಮೇಲಿನ ಸಂಕವನ್ನು ನೆನೆಸಿಕೊಳ್ಳಿ. ಹೆದರಿಕೊಂಡು ದಾಟದೆ ನಿಂತವರು ‘ಐ ಆ್ಯಮ್ ಅಫ್ರೇಡ್ ಟು ಕ್ರಾಸ್’ ಅನ್ನುತ್ತಾರೆ. ದಾಟೋದು, ಬಿಡೋದು ಅವರ ಕೈಯಲ್ಲಿದೆ. ಬೀಳೋದು ಯಾರ ಕೈಯಲ್ಲೂ ಇಲ್ಲ, ಅದು ‘ಅಫ್ರೇಡ್ ಆಫ್ ಫಾಲಿಂಗ್’. ‘ಶೂರ್’ ಕೂಡ ಹೀಗೇ. ‘ಹೀ ಈಸ್ ಶೂರ್ ಟು ಪಾಸ್’ ಅಂದರೆ ಅವನು ಪಾಸಾಗ್ತಾನೆ ಅನ್ನೋ ಭರವಸೆ ಹೇಳುವ ನಮ್ಮದು, ‘ಶೂರ್ ಆಫ್ ಪಾಸಿಂಗ್’ ಅಂದರೆ ಅವನದ್ದು.

‘ಐ ಆ್ಯಮ್ ಯೂಸ್ಡ್ ಟು ವಾಕಿಂಗ್ ಇನ್ ದಿ ರೈನ್’ ಅಂದರೆ ಮಳೆಯಲ್ಲಿ ನಡೆದು ರೂಢಿಯಾಗಿದೆ. ‘ಆ್ಯಮ್’ ತೆಗೆದು ‘ಐ ಯೂಸ್ಡ್ ಟು ವಾಕ್’ ಅಂದರೆ ಮೊದಲು ನಡೆಯುತ್ತಿದ್ದೆ, ಈಗಿಲ್ಲ. ಮೊದಲ ವಾಕ್ಯದ ‘ಟು’ ಪ್ರಿಪೊಸಿಷನ್ ಆದ್ದರಿಂದ ಅಲ್ಲಿ ‘ಇಂಗ್’.

ಕೊನೆಗೆ, ಪಾಚಿ ಕಟ್ಟಿದ ಮೆಟ್ಟಿಲ ಹತ್ತಿರ ಬೋರ್ಡು ಬರೆಸುವವರಿಗೆ: ‘ಬಿ ಕೇರ್‌ಫುಲ್ ನಾಟ್ ಟು ಸ್ಲಿಪ್’. ‘ನಾಟ್’ ಇರಬೇಕಾದ್ದು ‘ಟು’ವಿನ ಮುಂಚೆ. ಪೇಂಟರ್ ಜಾಗ ಸಾಲದು ಅಂತ ಅದನ್ನು ಬಿಟ್ಟರೆ, ಮರೆಯದೆ ಜಾರಿ ಬೀಳಿ ಅಂತ ಬೋರ್ಡು ಕೇಳಿಕೊಳ್ಳುತ್ತದೆ.