ಆಫ್-ರೋಡ್ ಆರ್‌ಸಿ ಬಗ್ಗಿಗೆ ಬ್ರಶ್‌ಲೆಸ್ ಮೋಟರ್ ಆರಿಸುವುದು

ಮೊದಲು ನಿಮ್ಮ ಆರ್‌ಸಿ (ರಿಮೋಟ್‌ನಿಂದ ಓಡಿಸುವ) ಬಗ್ಗಿ ಓಡುವ ರೇಸ್ ಕ್ಲಾಸಿನ ನಿಯಮ ಓದಿ. 1/10 ಗಾತ್ರದ ಕಾರುಗಳ ಸ್ಟಾಕ್ (ಮೋಟರ್ ನಿಗದಿಯಾಗಿರುವ) ರೇಸುಗಳಲ್ಲಿ ಸಾಮಾನ್ಯವಾಗಿ 17.5ಟಿ ಅಥವಾ 13.5ಟಿ (ಟಿ ಅಂದರೆ ಟರ್ನ್, ಮೋಟರಿನ ತಂತಿ ಸುತ್ತುಗಳ ಎಣಿಕೆ) ಕಡ್ಡಾಯ, ಹೆಚ್ಚು ಯೋಚಿಸುವುದೇ ಬೇಡ.

ಮೋಟರ್ ಆಯ್ಕೆ ಮುಕ್ತವಾಗಿರುವ ಮಾಡಿಫೈಡ್‌ನಲ್ಲಿ, 2ಎಸ್ (ಎರಡು ಸೆಲ್‌ನ) ಲಿಪೋ ಬ್ಯಾಟರಿಗೆ, ಹಿಂಚಕ್ರ ಮಾತ್ರ ಎಳೆಯುವ ಬಗ್ಗಿಗೆ 7.5–8.5ಟಿ ಸಾಕು, ನಾಲ್ಕೂ ಚಕ್ರ ಎಳೆಯುವುದಕ್ಕೆ 6.5ಟಿ ಆಸುಪಾಸು. ಟರ್ನ್ ಇಳಿದಷ್ಟೂ ವೇಗ ಏರುತ್ತದೆ, ಬಿಸಿಯೂ ಏರುತ್ತದೆ. ಸಡಿಲ ಮಣ್ಣಿನಲ್ಲಿ ಹೆಚ್ಚುವರಿ ಶಕ್ತಿಯೆಲ್ಲ ಚಕ್ರ ಜಾರಿಸುವುದಕ್ಕೇ ಹೋಗುತ್ತದೆ, ಹಾಗಾಗಿ ಹೊಸಬರಿಗೆ 10.5ಟಿ ಎಷ್ಟೋ ವಾಸಿ. ಇಎಸ್‌ಸಿ (ಮೋಟರಿನ ವೇಗ ನಿಯಂತ್ರಿಸುವ ಸಾಧನ) ಎಷ್ಟು ಕಡಿಮೆ ಟರ್ನ್‌ವರೆಗೆ ತಡೆಯುತ್ತದೆ ಎಂದೂ ನೋಡಿಕೊಳ್ಳಿ.

1/8 ಬಗ್ಗಿಯ ಲೆಕ್ಕವೇ ಬೇರೆ: 4ಎಸ್ ಬ್ಯಾಟರಿ, 1900–2200 ಕೆವಿ (ಒಂದು ವೋಲ್ಟ್‌ಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬ ಲೆಕ್ಕ). 2000 ಕೆವಿಯನ್ನು 4ಎಸ್ ಬ್ಯಾಟರಿಯ 14.8 ವೋಲ್ಟ್‌ನಿಂದ ಗುಣಿಸಿದರೆ ಭಾರವಿಲ್ಲದಾಗ ನಿಮಿಷಕ್ಕೆ 29,600 ಸುತ್ತು.

ಒಳಗೆ ತಿರುಗುವ ಭಾಗ ಎಲ್ಲಿದೆ ಎಂದು ಇಎಸ್‌ಸಿಗೆ ತಿಳಿಸುವ ಸೆನ್ಸರ್ ಇರುವ ಮೋಟರನ್ನೇ ಕೊಳ್ಳಿ. ಇಲ್ಲದಿದ್ದರೆ ನಿಂತಲ್ಲಿಂದ ಹೊರಡುವಾಗ ಮೋಟರ್ ತಡವರಿಸುತ್ತದೆ.

ಬಹಳ ಮೋಟರ್‌ಗಳು ಹಾಳಾಗುವುದು ತೀರಾ ದೊಡ್ಡ ಪಿನಿಯನ್‌ನಿಂದ (ಮೋಟರಿನ ದಂಡಕ್ಕೆ ಹಾಕುವ ಪುಟ್ಟ ಹಲ್ಲುಚಕ್ರ). ಕಾರಿನ ಕೈಪಿಡಿ ಹೇಳಿದ್ದಕ್ಕಿಂತ ಒಂದೆರಡು ಹಲ್ಲು ಕಡಿಮೆ ಇರುವುದನ್ನು ಹಾಕಿ, ಐದು ನಿಮಿಷ ಓಡಿಸಿ, ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿಯಿರಿ. 75 ಡಿಗ್ರಿ ಸೆಲ್ಸಿಯಸ್ ದಾಟಿದರೆ ಇನ್ನೊಂದು ಹಲ್ಲು ಇಳಿಸಿ. ಅತಿಯಾಗಿ ಕಾದ ರೋಟರ್‌ನ (ಮೋಟರಿನೊಳಗೆ ತಿರುಗುವ ಅಯಸ್ಕಾಂತದ) ಕಾಂತಶಕ್ತಿ ಕುಂದುತ್ತದೆ. ತಣ್ಣಗಾದ ಮೇಲೂ ಅದು ಮರಳುವುದಿಲ್ಲ.