ಕಾರೆಸ್ ಕಮರಿಯ ಕಾಲುದಾರಿ: ಗೋಡೆಯ ಬದಿ ಬಿಡದೆ ನಡೆಯುವುದು ಹೇಗೆ

ಉತ್ತರ ಸ್ಪೇನಿನ ಪಿಕೋಸ್ ದೆ ಯುರೋಪಾ ಪರ್ವತಗಳ ನಡುವೆ ಕಾರೆಸ್ ನದಿ ಕೊರೆದ ಆಳವಾದ ಕಮರಿಯೊಂದಿದೆ. ಅದರ ಒಂದು ತುದಿಯಲ್ಲಿ ಅಸ್ತೂರಿಯಸ್ ಪ್ರಾಂತ್ಯದ ಪೊನ್ಸೆಬೊಸ್, ಇನ್ನೊಂದು ತುದಿಯಲ್ಲಿ ಲಿಯೋನ್ ಪ್ರಾಂತ್ಯದ ಕಾಯೀನ್ ಎಂಬ ಪುಟ್ಟ ಹಳ್ಳಿ. ನಡುವೆ ಸುಮಾರು 12 ಕಿ.ಮೀ. ಕಾಲುದಾರಿ. ಯುರೋಪಿನಲ್ಲಿ ಓದುವ, ದುಡಿಯುವ ನಮ್ಮ ಕನ್ನಡದ ಹುಡುಗ ಹುಡುಗಿಯರು ರಜೆಯಲ್ಲಿ ಇಲ್ಲಿಗೆ ಬರುತ್ತಾರೆ, ಊರಿನಿಂದ ಬಂದ ಅಪ್ಪ ಅಮ್ಮನನ್ನೂ ಕರೆತರುತ್ತಾರೆ. ಅವರಲ್ಲಿ ಕೆಲವರು ಮಧ್ಯಾಹ್ನ ನಾಲ್ಕರ ಬಿಸಿಲಿನಲ್ಲಿ ಖಾಲಿ ಬಾಟಲಿ ಹಿಡಿದು ಬಂಡೆಗೊರಗಿ ಕುಳಿತದ್ದನ್ನು ನೋಡಿದ್ದೇನೆ. ‘ಮಟ್ಟಸವಾದ ದಾರಿ, ಮಕ್ಕಳೂ ನಡೆಯುತ್ತಾರೆ’ ಎಂದು ಯಾರೋ ಹೇಳಿದ್ದನ್ನು ನಂಬಿ ಹೊರಟವರು ಅವರು.

ದಾರಿ ಬಹುಪಾಲು ಮಟ್ಟಸ ಎನ್ನುವುದು ನಿಜ. ಅದಕ್ಕೆ ಕಾರಣವೂ ಇದೆ. ಪೊನ್ಸೆಬೊಸ್ ಬಳಿಯ ಜಲವಿದ್ಯುತ್ ಕೇಂದ್ರಕ್ಕೆ ಕಾಯೀನಿನಿಂದ ನೀರು ಒಯ್ಯಲು 1916ರಿಂದ 1921ರ ನಡುವೆ ಇಲ್ಲಿ ಬಂಡೆ ಕಡಿದು ಕಾಲುವೆ ಮಾಡಿದರು. ಆ ಕಾಲುವೆಯನ್ನು ನೋಡಿಕೊಳ್ಳುವ ಕೆಲಸಗಾರರು ಓಡಾಡಲೆಂದು 1945ರಿಂದ 1950ರ ನಡುವೆ ಇಂದಿನ ದಾರಿಯನ್ನು ಕೊರೆದರು. ನೀರಿನ ಜೊತೆ ಸಾಗುವ ದಾರಿಯಾದ್ದರಿಂದ ಏರಿಳಿತ ಕಡಿಮೆ. ಆದರೆ ಇದು ಕೆಲಸಗಾರರಿಗಾಗಿ ಮಾಡಿದ ದಾರಿ. ಬಹುತೇಕ ಕಡೆ ಕಟಕಟೆ ಇಲ್ಲ. ಅಗಲ ಒಂದೂವರೆ, ಎರಡು ಮೀಟರ್ ಇದ್ದೀತು. ಅಂಚಿನ ಆಚೆ ನೇರ ಪ್ರಪಾತ. ಸಲೀಸು ಮತ್ತು ಅಪಾಯ ಎರಡೂ ಒಂದೇ ದಾರಿಯಲ್ಲಿರುವುದರಿಂದ ಇಲ್ಲಿ ನಡೆಯುವುದನ್ನು ಕಲಿತು ಹೋಗಬೇಕು.

ಹಂತ 1: ಕಾಲ

ಮೇ ಕೊನೆ, ಜೂನ್, ಸೆಪ್ಟೆಂಬರ್. ಆಗಸ್ಟಿನಲ್ಲಿ ಇಡೀ ಸ್ಪೇನ್ ರಜೆಯಲ್ಲಿರುತ್ತದೆ, ದಾರಿ ಜಾತ್ರೆಯಾಗಿರುತ್ತದೆ. ಚಳಿಗಾಲದಲ್ಲಿ ಹಿಮ ಮತ್ತು ಮಂಜುಗಡ್ಡೆಯ ಅನುಭವವಿಲ್ಲದವರು ಬರಲೇಬಾರದು.

ಹಂತ 2: ಯಾವ ತುದಿಯಿಂದ?

ಹೆಚ್ಚಿನವರು ಪೊನ್ಸೆಬೊಸ್‌ನಿಂದ ಹೊರಡುತ್ತಾರೆ, ಏಕೆಂದರೆ ತಲುಪುವುದು ಸುಲಭ. ಓವಿಯೇಡೊ ನಗರದಿಂದ ಕಾಂಗಾಸ್ ದೆ ಓನಿಸ್ ಮಾರ್ಗವಾಗಿ ಅರೇನಾಸ್ ದೆ ಕಾಬ್ರಾಲೆಸ್ ಊರಿಗೆ ಬಸ್ ಇದೆ. ಅಲ್ಲಿಂದ ಪೊನ್ಸೆಬೊಸ್ 6 ಕಿ.ಮೀ. ಮಾತ್ರ. ಕಾರಿನವರು ರಜೆಯ ದಿನಗಳಲ್ಲಿ ಬೆಳಿಗ್ಗೆ ಎಂಟರೊಳಗೆ ಅಲ್ಲಿರದಿದ್ದರೆ ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಒಂದು ಗಂಟೆ ಹೋಗುತ್ತದೆ.

ಪೊನ್ಸೆಬೊಸ್‌ನಿಂದ ಹೊರಟವರು ಮೊದಲ ಎರಡು ಚಿಲ್ಲರೆ ಕಿಲೋಮೀಟರ್‌ಗಳಲ್ಲಿ ಸುಮಾರು 300 ಮೀಟರ್ ಏರಬೇಕು. ಲೋಸ್ ಕೊಯಾದೋಸ್ ಎಂಬ ಈ ಏರು ಕಲ್ಲುಪುಡಿಯ ದಾರಿ, ಎಲ್ಲಿಯೂ ನೆರಳಿಲ್ಲ. ಬೆಳಗಿನ ತಂಪಿನಲ್ಲಿ ಇದು ಏನೂ ಅನ್ನಿಸುವುದಿಲ್ಲ. 20 ಕಿ.ಮೀ. ನಡೆದು ಮರಳುವಾಗ ಇದೇ ಗುಡ್ಡವನ್ನು ಆ ಬದಿಯಿಂದ ಮತ್ತೆ ಹತ್ತಬೇಕು, ಅದೂ ಮಧ್ಯಾಹ್ನದ ಬಿಸಿಲಿನಲ್ಲಿ. ಬಂಡೆಗೊರಗಿ ಕುಳಿತವರನ್ನು ನಾನು ಕಂಡದ್ದು ಇಲ್ಲಿಯೇ.

ಅಪ್ಪ ಅಮ್ಮ, ಸಣ್ಣ ಮಕ್ಕಳು ಜೊತೆಗಿದ್ದರೆ ನನ್ನ ಮಾತು ಕೇಳಿ, ಕಾಯೀನಿನಿಂದಲೇ ಹೊರಡಿ. ಕಮರಿ ಅತ್ಯಂತ ಕಿರಿದಾಗುವುದು, ಸುರಂಗಗಳಲ್ಲಿ ನೀರು ತೊಟ್ಟಿಕ್ಕುವುದು, ನದಿ ಕಾಲ ಕೆಳಗೇ ಹಸಿರು ಬಣ್ಣದಲ್ಲಿ ಕಾಣುವುದು ಆ ತುದಿಯಲ್ಲಿ. ಬೊಲೀನ್ ಮತ್ತು ರೆಬೆಕೋಸ್ ಸೇತುವೆಗಳವರೆಗೆ ಹೋಗಿ ಮರಳಿದರೆ ನಾಲ್ಕೈದು ಕಿ.ಮೀ. ಆಗುತ್ತದೆ, ಅಷ್ಟೆ. ಕಾರೆಸ್‌ನ ಸತ್ವ ಆ ಎರಡು ಗಂಟೆಯಲ್ಲಿ ಸಿಗುತ್ತದೆ. ಪೂರ್ತಿ ದಾರಿ ನಡೆದೆವು ಎಂದು ಹೇಳಿಕೊಳ್ಳುವುದಕ್ಕಾಗಿ ಅರವತ್ತೈದರ ಅಮ್ಮನನ್ನು 24 ಕಿ.ಮೀ. ನಡೆಸಬೇಡಿ. ಪೊಸಾದಾ ದೆ ವಾಲ್ದಿಯೋನ್‌ನಿಂದ ಕಾಯೀನಿಗೆ ಇಳಿಯುವ ರಸ್ತೆ ಮಾತ್ರ ತೀರಾ ಕಿರಿದು. ಎದುರಿಗೆ ವಾಹನ ಬಂದರೆ ಹಿಂದಕ್ಕೆ ಹೋಗಲು ಬರುವ ಚಾಲಕನೇ ಬೇಕು.

ಒಂದು ತುದಿಯಲ್ಲಿ ಕಾರು ಬಿಟ್ಟು ಇನ್ನೊಂದು ತುದಿಯಲ್ಲಿ ಟ್ಯಾಕ್ಸಿ ಹಿಡಿದರಾಯಿತು ಎಂಬ ಉಪಾಯ ಅನೇಕರಿಗೆ ಹೊಳೆಯುತ್ತದೆ. ನಡೆದರೆ 12 ಕಿ.ಮೀ. ಇರುವ ಈ ಎರಡು ಊರುಗಳ ನಡುವೆ ರಸ್ತೆಯಲ್ಲಿ ಹೋದರೆ ನೂರು ಕಿ.ಮೀ. ಆಸುಪಾಸು ಆಗುತ್ತದೆ, ಪೂರ್ತಿ ಬೆಟ್ಟ ಸುತ್ತಿ. ವಾಹನವನ್ನು ಮೊದಲೇ ಗೊತ್ತು ಮಾಡಿರದಿದ್ದರೆ ಈ ಉಪಾಯ ಬೇಡ.

ಹಂತ 3: ಚೀಲ

ಒಬ್ಬರಿಗೆ ಎರಡು ಲೀಟರ್ ನೀರು, ಬೇಸಿಗೆಯಲ್ಲಿ ಎರಡೂವರೆ. ಸಹ್ಯಾದ್ರಿಯಲ್ಲಿ ನಡೆದು ಅಭ್ಯಾಸವಿರುವ ನಮಗೆ ಇದು ಅತಿಯೆನಿಸುತ್ತದೆ. ಕುಮಾರಪರ್ವತದ ದಾರಿಯಲ್ಲಾಗಲಿ ಕೊಡಚಾದ್ರಿಯ ಕಾಡಿನಲ್ಲಾಗಲಿ ಎಲ್ಲೋ ಒಂದು ಝರಿ ಸಿಕ್ಕೇ ಸಿಗುತ್ತದೆ ಎಂಬ ನಂಬಿಕೆ ನಮ್ಮದು. ಪಿಕೋಸ್ ಸುಣ್ಣಕಲ್ಲಿನ ಪರ್ವತ. ಬಿದ್ದ ಮಳೆಯನ್ನೆಲ್ಲ ಬಿರುಕುಗಳು ನುಂಗುತ್ತವೆ, ನೀರು ನೆಲದೊಳಗೆ ಹರಿಯುತ್ತದೆ. ಪಕ್ಕದಲ್ಲೇ ಕಾಲುವೆ ತುಂಬಿ ಹರಿಯುತ್ತಿದ್ದರೂ ಅದು ಕುಡಿಯುವ ನೀರಲ್ಲ. ಅದಕ್ಕೆ ಇಳಿಯುವುದಂತೂ ಬೇಡವೇ ಬೇಡ, ಸೆಳೆತ ಹೆಚ್ಚು.

ಅಡಿಭಾಗದಲ್ಲಿ ಆಳವಾದ ಗೀರುಗಳಿರುವ ಶೂ ಹಾಕಿಕೊಳ್ಳಿ. ಸುಣ್ಣಕಲ್ಲು ಸಾವಿರಾರು ಕಾಲುಗಳಿಂದ ಸವೆದು ಕೆಲವು ಕಡೆ ನುಣುಪಾಗಿದೆ. ಒದ್ದೆಯಾದರೆ ಪಾಚಿ ಹಿಡಿದ ಬಚ್ಚಲುಕಲ್ಲಿನ ಹಾಗೆ. ಕೊಡೆ ಮತ್ತು ಪ್ರವಾಸಿಗರ ಅಂಗಡಿಯಲ್ಲಿ ಮಾರುವ ತೆಳು ಪ್ಲಾಸ್ಟಿಕ್ಕಿನ ಮಳೆಹೊದಿಕೆ ಎರಡೂ ಬೇಡ. ಕಮರಿಯ ಗಾಳಿಗೆ ಆ ಹೊದಿಕೆ ಪಟದಂತೆ ಉಬ್ಬಿ ಮುಖಕ್ಕೆ ಮುಚ್ಚಿಕೊಂಡು, ನನ್ನ ಮುಂದೆ ನಡೆಯುತ್ತಿದ್ದ ಹುಡುಗಿಯೊಬ್ಬಳು ಅಂಚಿನ ಕಡೆಗೆ ಎರಡು ಹೆಜ್ಜೆ ತಡವರಿಸಿದ್ದನ್ನು ನೋಡಿದ ದಿನದಿಂದ ನಾನು ಅದನ್ನು ಯಾರಿಗೂ ಕೊಳ್ಳಲು ಬಿಟ್ಟಿಲ್ಲ. ಗುಂಡಿಯಿರುವ ಸರಿಯಾದ ಮಳೆ ಅಂಗಿ ಸಾಕು. ಸುರಂಗಗಳಿಗೆ ಹಣೆಗೆ ಕಟ್ಟುವ ದೀಪ ಬೇಕು. ತಿನ್ನಲು ಚಪಾತಿ ಚಟ್ನಿಪುಡಿ, ಒಣಹಣ್ಣು, ಏನು ಬೇಕಾದರೂ.

ಹಂತ 4: ಗುರುತು ಓದುವುದು

ಕಾರೆಸ್‌ನಲ್ಲಿ ದಾರಿ ತಪ್ಪುವುದು ಕಷ್ಟ. ಆದರೂ ಇದನ್ನು ಕಲಿತರೆ ಸ್ಪೇನಿನ ಯಾವ ಹಳ್ಳಿಗಾಡಿನಲ್ಲೂ ನಡೆಯಬಹುದು. ದಾರಿಯುದ್ದಕ್ಕೂ ಬಳಿದಿರುವ ಬಿಳಿ ಮತ್ತು ಕೆಂಪು ಪಟ್ಟೆ ಎಂದರೆ 50 ಕಿ.ಮೀ.ಗಿಂತ ದೂರದ ದಾರಿ. ಬಿಳಿ ಮತ್ತು ಹಳದಿ ಎಂದರೆ 10ರಿಂದ 50 ಕಿ.ಮೀ. ಒಳಗಿನದು. ಬಿಳಿ ಮತ್ತು ಹಸಿರು ಎಂದರೆ ಅದಕ್ಕೂ ಚಿಕ್ಕದು. ಎರಡು ಪಟ್ಟೆಗಳು ಒಂದರ ಕೆಳಗೊಂದಿದ್ದರೆ ಮುಂದೆ ನಡೆಯಿರಿ, ಅವೇ ಬಣ್ಣಗಳು ಗುಣಾಕಾರ ಚಿಹ್ನೆಯಂತೆ ಅಡ್ಡಹಾಯ್ದಿದ್ದರೆ ಅತ್ತ ಹೋಗಬೇಡಿ.

ಮೊಬೈಲಿನ ನಕ್ಷೆಯನ್ನು ಇಲ್ಲಿ ಪೂರ್ತಿ ನಂಬುವಂತಿಲ್ಲ. ಎರಡೂ ಬದಿಯ ಗೋಡೆಗಳು ಆಕಾಶವನ್ನು ಮುಚ್ಚುವುದರಿಂದ ಉಪಗ್ರಹದ ಸಂಕೇತ ಸರಿಯಾಗಿ ಸಿಗದೆ, ನೀವು ನದಿಯ ಆಚೆ ದಡದಲ್ಲಿದ್ದೀರಿ ಎಂದು ಅದು ತೋರಿಸುತ್ತದೆ, ನಡೆಯದ ದೂರವನ್ನೂ ಲೆಕ್ಕಕ್ಕೆ ಸೇರಿಸುತ್ತದೆ. ದೂರವನ್ನು ಬಿಟ್ಟು ಗಡಿಯಾರ ನೋಡಿ. ಹೊರಡುವ ಮೊದಲೇ ಮರಳುವ ಹೊತ್ತು ನಿಶ್ಚಯಿಸಿ. ಬೆಳಿಗ್ಗೆ ಎಂಟಕ್ಕೆ ಪೊನ್ಸೆಬೊಸ್ ಬಿಟ್ಟರೆ, ಹನ್ನೊಂದೂವರೆಗೆ ಎಲ್ಲಿದ್ದರೂ ಹಿಂತಿರುಗಿ. ಕಾಯೀನ್ ಇನ್ನು ಹತ್ತೇ ನಿಮಿಷ ಎಂದು ಎದುರು ಬಂದವರು ಹೇಳಿದರೂ ಸರಿ. ಅವರ ಹತ್ತು ನಿಮಿಷ ನಿಮ್ಮ ಅರ್ಧ ಗಂಟೆ.

ಹಂತ 5: ಕಮರಿಯೊಳಗೆ

ಜನ ಎಡವುವುದು ಇಲ್ಲಿ. ನಿಧಾನವಾಗಿ ಹೇಳುತ್ತೇನೆ.

ಮೊದಲನೆಯ ಮಾತು: ಗೋಡೆಯ ಬದಿ ನಿಮ್ಮದು. ಎದುರಿಗೆ ಜನ ಬಂದಾಗ ನಮ್ಮ ಸಂಸ್ಕಾರದಂತೆ ಹಿರಿಯರಿಗೆ, ಹೆಂಗಸರಿಗೆ ಜಾಗ ಬಿಡಲು ಹೊರಗಿನ ಅಂಚಿಗೆ ಸರಿಯುತ್ತೇವೆ. ಇಲ್ಲಿ ಅದನ್ನು ಮಾಡಬಾರದು. ಗೋಡೆಗೆ ಬೆನ್ನು ಕೊಟ್ಟು, ಚೀಲವನ್ನು ಬಂಡೆಗೆ ಒತ್ತಿ, ನಿಂತುಬಿಡಿ. ಅವರು ಅಗಲವಾದ ಜಾಗದಲ್ಲಿ ನಿಂತಿದ್ದರೆ ನೀವು ಮೊದಲು ದಾಟಿ, ಇಲ್ಲದಿದ್ದರೆ ಅವರನ್ನು ದಾಟಲು ಬಿಡಿ. ಬೆನ್ನ ಮೇಲೆ ಚೀಲವಿದ್ದಾಗ ಥಟ್ಟನೆ ತಿರುಗಬೇಡಿ. ಚೀಲ ನಿಮ್ಮ ದೇಹಕ್ಕಿಂತ ಒಂದು ಮೊಳ ಹಿಂದಿರುತ್ತದೆ, ಪಕ್ಕದವರಿಗೆ ತಾಗುತ್ತದೆ. ಮಕ್ಕಳನ್ನು ಗೋಡೆಯ ಬದಿಗೆ ಹಾಕಿಕೊಂಡು ಕೈಹಿಡಿದು ನಡೆಸಿ. ದಾರಿ ಅಗಲವಾದಾಗಲೂ ಕೈ ಬಿಡಬೇಡಿ, ಏಕೆಂದರೆ ಅದು ಎಲ್ಲಿ ಮತ್ತೆ ಕಿರಿದಾಗುತ್ತದೆ ಎಂದು ಮಗುವಿಗೆ ತಿಳಿಯದು.

ಎರಡನೆಯದು: ಕಾಲು ನಡೆಯುತ್ತಿರುವಾಗ ಕಣ್ಣು ನೆಲದ ಮೇಲೆ. ನೋಡಬೇಕೆನಿಸಿದಾಗ ನಿಲ್ಲಿ. ಎರಡೂ ಪಾದ ಊರಿ, ಆಮೇಲೆ ತಲೆ ಎತ್ತಿ. ಎತ್ತರದ ಗೋಡೆಯನ್ನು ನೋಡುತ್ತಾ ನಡೆದರೆ ತಲೆ ಹಗುರಾದಂತಾಗುತ್ತದೆ, ಹೆಜ್ಜೆ ತಾನಾಗಿ ಓರೆಯಾಗುತ್ತದೆ. ಚಿತ್ರ ತೆಗೆಯುವಾಗ ಒಂದು ಹೆಜ್ಜೆಯೂ ಹಿಂದೆ ಸರಿಯಬಾರದು. ಸೆಲ್ಫಿ ಕೋಲನ್ನು ಕೋಣೆಯಲ್ಲೇ ಬಿಟ್ಟುಬನ್ನಿ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಕಲ್ಲು. ಇಲ್ಲಿ ಅಂಚಿನಿಂದ ಬೀಳುವ ಭಯ ಎಲ್ಲರಿಗೂ ಇರುತ್ತದೆ, ಮೇಲಿನಿಂದ ಬೀಳುವುದರ ಬಗ್ಗೆ ಯಾರೂ ಯೋಚಿಸುವುದಿಲ್ಲ. ಸುಣ್ಣಕಲ್ಲಿನ ಬಿರುಕಿನಲ್ಲಿ ನೀರು ಹೆಪ್ಪುಗಟ್ಟಿ, ಕರಗಿ, ಮತ್ತೆ ಹೆಪ್ಪುಗಟ್ಟಿ ಚೂರುಗಳು ಸಡಿಲವಾಗುತ್ತವೆ. ಮಳೆ ಬಂದ ಮರುದಿನ, ಗಾಳಿ ಎದ್ದಾಗ, ಮೇಲೆ ಆಡುಗಳು ಮೇಯುತ್ತಿರುವಾಗ ಅವು ಉರುಳುತ್ತವೆ. ದಾರಿಯ ಮೇಲಿನ ಚೂರುಗಳನ್ನು ಗಮನಿಸಿ. ಹಳೆಯ ಕಲ್ಲು ಬೂದು ಬಣ್ಣ, ಅಂಚು ಸವೆದಿರುತ್ತದೆ. ಒಡೆದ ಮುಖ ಬೆಳ್ಳಗೆ, ಅಂಚು ಹರಿತವಾಗಿದ್ದರೆ ಅದು ಈಚೆಗೆ ಬಿದ್ದದ್ದು. ಅಂಥ ಜಾಗದಲ್ಲಿ ನಿಲ್ಲಬೇಡಿ, ಕೂರಬೇಡಿ, ಬುತ್ತಿ ಬಿಚ್ಚಬೇಡಿ. ಗುಂಪಾಗಿ ದಾಟದೆ ಒಬ್ಬೊಬ್ಬರಾಗಿ ದಾಟಿ. ವಿಶ್ರಾಂತಿಗೆ ಮೇಲೆ ಬಂಡೆ ಗಟ್ಟಿಯಾಗಿ ಚಾಚಿಕೊಂಡಿರುವ ಕಡೆ, ಕೆಳಗೆ ಹೊಸ ಚೂರುಗಳಿಲ್ಲದ ಜಾಗ ಹುಡುಕಿ. ಮೇಲಿನಿಂದ ಸದ್ದು ಕೇಳಿದರೆ ತಲೆ ಎತ್ತಿ ನೋಡುವ ಆಸೆಯನ್ನು ತಡೆದು ಗೋಡೆಗೆ ಅಂಟಿಕೊಳ್ಳಿ, ಚೀಲವನ್ನು ತಲೆಯ ಮೇಲೆ ಹಿಡಿಯಿರಿ. ಹಿಂದಿನ ರಾತ್ರಿ ಜೋರು ಮಳೆಯಾಗಿದ್ದರೆ ಆ ದಿನ ನಡಿಗೆಯನ್ನೇ ಬಿಟ್ಟು ಬುಲ್ನೆಸ್ ಹಳ್ಳಿಗೆ ಹೋಗಿ. 2001ರಿಂದ ಪೊನ್ಸೆಬೊಸ್‌ನಿಂದ ಅಲ್ಲಿಗೆ ಬೆಟ್ಟದೊಳಗಿನ ಸುರಂಗದಲ್ಲಿ ಹಳಿಬಂಡಿ ಓಡುತ್ತಿದೆ.

ಆಡುಗಳಿಗೆ ಜನರ ಅಭ್ಯಾಸವಾಗಿದೆ. ಚೀಲಕ್ಕೆ ಮೂತಿ ಹಾಕುತ್ತವೆ. ಬಾಳೆಹಣ್ಣಿನ ಸಿಪ್ಪೆ ಕೂಡ ಕೊಡಬೇಡಿ, ಕೊಟ್ಟರೆ ಮುಂದೆ ಬರುವ ಮಗುವನ್ನು ಅವು ತಳ್ಳುತ್ತವೆ. ಅವುಗಳನ್ನೂ ಗೋಡೆಯ ಬದಿಯಲ್ಲಿ ನಿಂತೇ ದಾಟಲು ಬಿಡಿ.

ಕಾಯೀನ್ ಹತ್ತಿರವಾದಂತೆ ಸುರಂಗಗಳು ಬರುತ್ತವೆ. ತಂಪು ಕನ್ನಡಕವನ್ನು ಸುರಂಗದ ಬಾಯಿಗೆ ಬರುವ ಮೊದಲೇ ತೆಗೆಯಿರಿ, ಅರ್ಧ ನಿಮಿಷ ನಿಂತು ಕಣ್ಣಿಗೆ ಕತ್ತಲೆ ಒಗ್ಗಲು ಬಿಡಿ. ಎತ್ತರದವರು ತಲೆ ಬಗ್ಗಿಸಿ. ಒಳಗೆ ಕೆಸರು, ಸಣ್ಣ ಹೊಂಡ, ತೊಟ್ಟಿಕ್ಕುವ ನೀರು. ಗೋಡೆಯ ಕಿಂಡಿಗಳಲ್ಲಿ ಬೆಳಕು ಬಿದ್ದಾಗ ಕೆಳಗೆ ನದಿ ಕಾಣುತ್ತದೆ. ನಾನು ಎಷ್ಟು ಸಲ ಹೋದರೂ ಅಲ್ಲಿ ಮಾತು ನಿಂತುಹೋಗುತ್ತದೆ.

ಮೊಬೈಲ್ ಸಂಕೇತ ಕಮರಿಯ ಬಹುಭಾಗದಲ್ಲಿ ಸಿಗುವುದಿಲ್ಲ. ತುರ್ತು ಸಂಖ್ಯೆ 112. ಆದರೆ ಯಾವ ಹೊತ್ತಿಗೆ ಮರಳುತ್ತೀರಿ ಎಂದು ತಂಗಿದ ಮನೆಯವರಿಗೆ ಹೇಳಿ ಹೊರಡುವುದೇ ಗಟ್ಟಿ ಭರವಸೆ.

ಹಂತ 6: ಕಾಯೀನಿನಲ್ಲಿ ಊಟ, ಮರಳುವ ದಾರಿ

ಸ್ಪೇನಿನಲ್ಲಿ ಮಧ್ಯಾಹ್ನದ ಅಡುಗೆಮನೆ ತೆರೆಯುವುದೇ ಒಂದು ಗಂಟೆಯ ನಂತರ. ಬೇಗ ಹೊರಟವರಿಗೆ ಅದು ಸಿಗುವುದಿಲ್ಲ, ಅದಕ್ಕೇ ಬುತ್ತಿ. ಕಾಯೀನಿನಿಂದ ಹೊರಟವರು ಅಲ್ಲೇ ಉಣ್ಣಬಹುದು. ಸಸ್ಯಾಹಾರಿಗಳು ‘ಸಿನ್ ಕಾರ್ನೆ, ಸಿನ್ ಪೆಸ್ಕಾದೊ’ (ಮಾಂಸ ಬೇಡ, ಮೀನು ಬೇಡ) ಎಂದು ಸ್ಪಷ್ಟವಾಗಿ ಹೇಳಿ. ಬರೀ ಸಲಾಡ್ ಎಂದರೆ ಮೀನು ಹಾಕಿ ತರುತ್ತಾರೆ, ಬಿಳಿ ಕಾಳಿನ ಸಾರಿನಂತೆ ಕಾಣುವ ಫಬಾದಾದಲ್ಲಿ ಹಂದಿಮಾಂಸವಿರುತ್ತದೆ. ತೊರ್ತಿಯಾ ಎಂದರೆ ಆಲೂಗಡ್ಡೆ, ಮೊಟ್ಟೆ. ಗುಹೆಗಳಲ್ಲಿ ಮಾಗಿಸುವ ಕಾಬ್ರಾಲೆಸ್ ಗಿಣ್ಣು ಖಾರವಾದ ನೀಲಿಗೆರೆಯ ಗಿಣ್ಣು. ಅದಕ್ಕೆ ಸಾಂಪ್ರದಾಯಿಕವಾಗಿ ಬಳಸುವ ಹೆಪ್ಪು ಪ್ರಾಣಿಮೂಲದ್ದು, ಕಟ್ಟುನಿಟ್ಟಿನವರು ತಿಳಿದಿರಲಿ.

ಊರಿನ ಬೀದಿಯಲ್ಲಿ ನಡೆಯುವಾಗ ಗ್ರೆಗೋರಿಯೊ ಪೆರೆಸ್ ಅವರನ್ನು ನೆನೆಯಿರಿ. ಈ ಹಳ್ಳಿಯ ಆತ 1904ರ ಆಗಸ್ಟ್ 5ರಂದು ಪೇದ್ರೊ ಪಿದಾಲ್ ಜೊತೆ 2,519 ಮೀಟರ್ ಎತ್ತರದ ನಾರಾಂಹೊ ದೆ ಬುಲ್ನೆಸ್ ಶಿಖರವನ್ನು ಮೊದಲ ಬಾರಿಗೆ ಹತ್ತಿದವರು. ಮುಂದೆ ಅದೇ ಪಿದಾಲ್ ಅವರ ಪ್ರಯತ್ನದಿಂದಲೇ ಸ್ಪೇನಿಗೆ ರಾಷ್ಟ್ರೀಯ ಉದ್ಯಾನಗಳು ಬಂದವು. 1918ರಲ್ಲಿ ಈ ಪರ್ವತಗಳಲ್ಲಿಯೇ ಮೊದಲನೆಯದು. ಕಾಯೀನಿನವರು ಸಾಯುವುದಿಲ್ಲ, ಬೆಟ್ಟದಿಂದ ಉರುಳುತ್ತಾರೆ ಎಂಬ ಮಾತೊಂದು ಆ ಸೀಮೆಯಲ್ಲಿದೆ. ಅಂಥವರ ನೆಲದಲ್ಲಿ ನಡೆಯುತ್ತಿದ್ದೀರಿ.

ಮರಳುವಾಗ ಅರ್ಧ ಲೀಟರ್ ನೀರನ್ನು ಮುಟ್ಟದೆ ಉಳಿಸಿಕೊಳ್ಳಿ. ಲೋಸ್ ಕೊಯಾದೋಸ್‌ನ ಬುಡದಲ್ಲಿ ಐದು ನಿಮಿಷ ಕುಳಿತು, ಶೂ ಸಡಿಲಿಸಿ ಮತ್ತೆ ಬಿಗಿಯಾಗಿ ಕಟ್ಟಿ, ಆ ನೀರಿನಲ್ಲಿ ಅರ್ಧ ಕುಡಿದು ಹತ್ತಲು ಶುರುಮಾಡಿ. ತುದಿ ತಲುಪಿದ ಮೇಲೆ ಉಳಿದರ್ಧ. ಆಚೆಯ ಇಳಿಜಾರಿನಲ್ಲಿ ಕಲ್ಲುಪುಡಿ ಜಾರುತ್ತದೆ, ಮಂಡಿ ಸ್ವಲ್ಪ ಬಗ್ಗಿಸಿ ಸಣ್ಣ ಹೆಜ್ಜೆ ಇಡಿ. ಅರೇನಾಸ್‌ಗೆ ಮರಳಿದಾಗ ಇನ್ನೂ ಬೆಳಕಿದ್ದರೆ ಪಕ್ಕದ ಪೋ ಹಳ್ಳಿಯ ಪೊಸೊ ದೆ ಲಾ ಒರಾಸಿಯೋನ್ ವೀಕ್ಷಣಾ ಸ್ಥಳದಲ್ಲಿ ನಿಂತು ದಕ್ಷಿಣಕ್ಕೆ ನೋಡಿ. ಮೋಡವಿಲ್ಲದಿದ್ದರೆ, ಗ್ರೆಗೋರಿಯೊ ಹತ್ತಿದ ಆ ಒಂಟಿ ಕಲ್ಲುಗೋಡೆ ಸಂಜೆಯ ಬಿಸಿಲಿನಲ್ಲಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತಿರುತ್ತದೆ.